ಮುನಿವೆಂಕಟಪ್ಪನವರ ಗೃಹಪ್ರವೇಶ

ಸಮೇತನಹಳ್ಳಿಯ ಮುನಿವೆಂಕಟಪ್ಪನವರು ಎಂಟು ವರ್ಷದ ಹುಡುಗನಾಗಿದ್ದಾಗ ಒಂದು ಯುಗಾದಿಯ ದಿನ ಅವರ ಪಾಲಿಗೆ ಒಂದು ಒಬ್ಬಟ್ಟು ಬಂದಿತ್ತು. ಮನೆಯ ಮಿಕ್ಕ ಮಕ್ಕಳು ಎಲೆಯ ಮುಂದೆ ಕೂತ ತಕ್ಷಣ ಒಬ್ಬಟ್ಟನ್ನು ಮುಗಿಸಿ, ಆಮೇಲೆ ಅನ್ನದ ಯೋಚನೆ ಮಾಡಿದರು. ಇವರು ಮಾತ್ರ ತಮ್ಮದನ್ನು ಮುತ್ತುಗದ ಎಲೆಯಲ್ಲಿ ಸುತ್ತಿ ಅಟ್ಟದ ಮೇಲಿನ ಮಡಕೆಯಲ್ಲಿಟ್ಟರು. ಎಲ್ಲರದೂ ಮುಗಿದು, ಎಲ್ಲರ ಬಾಯಲ್ಲೂ ನೀರೂರುವ ಹೊತ್ತಿಗೆ ತಾನೊಬ್ಬನೇ ಕೂತು ತಿನ್ನಬೇಕು ಎಂಬುದು ಆಲೋಚನೆ. ಮೂರನೆಯ ದಿನ ಮಡಕೆ ಇಳಿಸಿದರೆ ಒಬ್ಬಟ್ಟಿನ ಆಕಾರದಲ್ಲಿ ಇರುವೆಗಳಿದ್ದವು. ಅಂದು ಹುಡುಗ ಒಂದು ಪಾಠ ಕಲಿತ. ಮಡಕೆಯ ಬಾಯಿಗೆ ಬಟ್ಟೆ ಬಿಗಿಯಬೇಕಿತ್ತು ಎಂಬುದೇ ಆ ಪಾಠ.

ಹೀಗೆ ಪಾಠ ಕಲಿತವನಿಗೆ ದೇವರು ಉಗ್ರಾಣದ ಕೆಲಸ ಬಿಟ್ಟು ಬೇರೇನು ಕೊಟ್ಟಾನು? ಹೊಸಕೋಟೆಯ ಹತ್ತಿರ ಲಾರಿಯ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಮುನಿವೆಂಕಟಪ್ಪನವರು ಇಪ್ಪತ್ತೆಂಟನೆಯ ವಯಸ್ಸಿಗೆ ಸ್ಟೋರ್ಸಿಗೆ ಸೇರಿದರು. ಮೂವತ್ತೊಂದು ವರ್ಷ ಅಲ್ಲೇ ಇದ್ದು, ಸೊಂಟಕ್ಕೆ ಹದಿನಾಲ್ಕು ಬೀಗದಕೈಗಳ ಗೊಂಚಲು ಸಿಕ್ಕಿಸಿಕೊಂಡ ಸ್ಟೋರ್ಸ್ ಇನ್‌ಚಾರ್ಜ್ ಆದರು. ಅವರ ಕೈಯಿಂದ ವಸ್ತು ಬಿಡಿಸಿಕೊಳ್ಳುವುದು ಹಸಿದ ಹುಲಿಯ ಬಾಯಿಂದ ತುತ್ತು ಕಿತ್ತಂತೆ. ಕೈಗವಸು ಹರಿಯಿತೆಂದು ಹೊಸದು ಕೇಳಲು ಬಂದವನ ಹಳೆಯದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಇನ್ನೂ ನಾಲ್ಕು ಬೆರಳು ಚೆನ್ನಾಗವಲ್ಲಪ್ಪ” ಅನ್ನುತ್ತಿದ್ದರು. ಕ್ಯಾಂಟೀನಿಗೆ ಬೆಂಕಿ ಬಿದ್ದಾಗ ಬಕೆಟ್ ಕೇಳಲು ಓಡಿಬಂದವನಿಗೆ ಮೇಲಧಿಕಾರಿಯ ಸಹಿ ಇರುವ ಚೀಟಿ ತಾ ಅಂದರೆಂದು ಕಾರ್ಖಾನೆಯಲ್ಲಿ ಒಂದು ಕಥೆಯಿದೆ. ಅದು ಶುದ್ಧ ಸುಳ್ಳು. ಬೆಂಕಿ ಬಿದ್ದದ್ದು ಕ್ಯಾಂಟೀನಿಗಲ್ಲ, ಬಣ್ಣ ಹೊಡೆಯುವ ಶೆಡ್ಡಿಗೆ. ಅವರ ಕಪಾಟುಗಳಲ್ಲಿ ಸಾವಿರಾರು ಹೊಸ ಸಾಮಾನುಗಳು ಹೊಸದಾಗಿದ್ದುಕೊಂಡೇ ಮುದಿಯಾಗುತ್ತಿದ್ದವು.

ಮನೆಯಲ್ಲೂ ಅದೇ ಆಡಳಿತ. ಮದುವೆಗೆ ಬಂದ ಸ್ಟೀಲ್ ಡಬ್ಬಗಳ ಮೇಲೆ ಅಂಗಡಿಯ ಕಾಗದ ಮೂವತ್ತು ವರ್ಷದ ನಂತರವೂ ಅಂಟಿಕೊಂಡಿತ್ತು. ಮದುವೆಯಾದ ವರ್ಷ ಹೆಂಡತಿ ಮುನಿತಾಯಮ್ಮ ಒಂದು ಆಸೆ ಹೇಳಿಕೊಂಡಿದ್ದಳು. ಅವಳು ಸಮುದ್ರ ನೋಡಿರಲಿಲ್ಲ.

“ನೋಡೋಣ ತಗೋ,” ಅಂದಿದ್ದರು ಮುನಿವೆಂಕಟಪ್ಪನವರು. “ಸಮುದ್ರ ಎಲ್ಲೋಗ್ತದೆ?”

ಅವರು ಹೇಳಿದ್ದು ನಿಜವೇ. ಸಮುದ್ರ ಎಲ್ಲೂ ಹೋಗಲಿಲ್ಲ.

ಒಂಬತ್ತು ವರ್ಷದ ಹಿಂದೆ, ಅಣ್ಣತಮ್ಮಂದಿರ ಭಾಗದಲ್ಲಿ ಬಂದ ಊರಂಚಿನ ಜಾಗದಲ್ಲಿ ಅವರು ಮನೆಗೆ ಪಾಯ ಹಾಕಿದರು. ಸಿಮೆಂಟ್ ಮೂಟೆ ನೆನೆಯದಿರಲೆಂದು ಹಿತ್ತಲಲ್ಲಿ ಕಲ್ನಾರು ಶೀಟಿನ ಒಂದು ಶೆಡ್ಡು ಎದ್ದಿತು. ಕೆಲಸ ನೋಡಿಕೊಳ್ಳಲು ಹತ್ತಿರವಿರಲೆಂದು ಗಂಡ, ಹೆಂಡತಿ, ಮಗಳು ಅರ್ಪಿತ ಮೂವರೂ ಆರು ತಿಂಗಳ ಮಟ್ಟಿಗೆ ಆ ಶೆಡ್ಡಿಗೆ ಬಂದು ಸೇರಿದರು. ವರ್ಷದೊಳಗೆ ಮನೆಯ ಕೆಳಗಿನ ಭಾಗ ಮುಗಿಯಿತು. ನೆಲಕ್ಕೆ ಹೊಳೆಯುವ ಟೈಲ್ಸು, ಅಡುಗೆಮನೆಗೆ ಕರಿಕಲ್ಲಿನ ಕಟ್ಟೆ, ಪೂರ್ವಕ್ಕೆ ಆಳೆತ್ತರದ ಕಿಟಕಿ. ಆ ಕಿಟಕಿಯಾಚೆ ರಾಗಿಹೊಲ, ಅದರಾಚೆ ನೀಲಗಿರಿ ತೋಪು.

ನಮ್ಮ ಕಡೆ ಹೊಸ ಮನೆಯಲ್ಲಿ ಹಾಲು ಉಕ್ಕಿಸದೆ ಒಲೆ ಹಚ್ಚುವಂತಿಲ್ಲ, ಹಾಸಿಗೆ ಹಾಸುವಂತಿಲ್ಲ. ಉಕ್ಕಿಸುವುದೆಂದರೆ ಮೂರು ಇಟ್ಟಿಗೆ, ನಾಲ್ಕು ಪುಳ್ಳೆ, ಒಂದು ಚೆಂಬು ಹಾಲಿನ ಕೆಲಸ. ಮುನಿವೆಂಕಟಪ್ಪನವರ ಮನಸ್ಸಿನಲ್ಲಿ ಮಾತ್ರ ಅದು ಪೆಂಡಾಲು, ವಾಲಗ, ಸಾವಿರ ಎಲೆಯ ಊಟದ ಕೆಲಸ.

“ಕೆಳಗಡೆ ಮುಗೀತಲ್ಲ, ಒಂದು ಒಳ್ಳೆ ದಿನ ನೋಡಿ ಹಾಲು ಉಕ್ಕಿಸ್ಕೊಂಡು ಹೋಗ್ಬಿಡೋಣ,” ಅಂದಳು ಮುನಿತಾಯಮ್ಮ.

“ಮೇಲಿನ ಅಂತಸ್ತು ಆಗ್ಲಿ. ಅರ್ಧ ಮನೆಗೆ ಜನ ಕರೆದ್ರೆ ಏನಂದ್ಕೊಂತಾರೆ?”

“ಜನ ಉಂಡು ಎದ್ದೋಗ್ತಾರೆ. ಇರೋರು ನಾವಲ್ವಾ?”

“ನಿಂಗೆ ಗೊತ್ತಾಗಲ್ಲ, ಸುಮ್ನಿರು ತಾಯಮ್ಮ.”

ಮೇಲಿನ ಅಂತಸ್ತಾಯಿತು. ಕಾಂಪೌಂಡ್ ಆಗಲಿ ಅಂದರು. ಕಾಂಪೌಂಡಾಯಿತು, ಗೇಟಿಗೆ ಎರಡು ಸಿಂಹ ಕೂರಲಿ ಅಂದರು. ಸಿಂಹಗಳು ಕೂತವು, ಒಂದರ ಮೂತಿ ಕುರಿಯ ಹಾಗೆ ಬಂದಿದೆಯೆಂದು ಅದನ್ನು ಒಡೆಸಿ ಮತ್ತೆ ಮಾಡಿಸಿದರು. ಆಮೇಲೆ ಅರ್ಪಿತಳ ಮದುವೆ ಬಂತು. ಎರಡು ಶುಭಕಾರ್ಯ ಒಂದೇ ವರ್ಷ ಬೇಡ ಅಂದರು. ಅರ್ಪಿತ ಸಿಮೆಂಟ್ ಶೆಡ್ಡಿನಿಂದಲೇ ಹಸೆಮಣೆಗೆ ಹೋಗಿ, ಅಲ್ಲಿಂದ ದೇವನಹಳ್ಳಿಯ ಗಂಡನ ಮನೆಗೆ ಹೋದಳು. ಆಮೇಲೆ ಕೊರೋನಾ. ಅದೂ ಹೋದ ಮೇಲೆ ಮುನಿವೆಂಕಟಪ್ಪನವರು ಕೊನೆಯ ತೀರ್ಮಾನ ಹೇಳಿದರು. ಬರುವ ಫೆಬ್ರವರಿಗೆ ತಾವು ನಿವೃತ್ತರಾಗುತ್ತಾರೆ, ಆಗ ಮಾಘಮಾಸ, ನಿವೃತ್ತಿ ಸನ್ಮಾನ ಮತ್ತು ಗೃಹಪ್ರವೇಶ ಎರಡೂ ಒಂದೇ ಪೆಂಡಾಲಿನಲ್ಲಿ. ಕಾರ್ಖಾನೆಯ ದೊಡ್ಡ ಸಾಹೇಬರು ಬಂದು ಶಾಲು ಹೊದಿಸುವುದನ್ನೂ, ತಾವು ಬೇಡ ಬೇಡವೆಂದು ಕತ್ತು ಬಾಗಿಸುವುದನ್ನೂ ಅವರು ಕಂಪನಿ ಬಸ್ಸಿನ ಕಿಟಕಿಯಲ್ಲಿ ಕೂತು ದಿನವೂ ಒಂದು ಸಲ ನೋಡಿಕೊಳ್ಳುತ್ತಿದ್ದರು.

ಅಲ್ಲಿಯವರೆಗೆ ಶೆಡ್ಡು. ಬೇಸಿಗೆಯಲ್ಲಿ ಶೀಟು ಕಾದು ಒಳಗಿದ್ದವರನ್ನು ಹಪ್ಪಳ ಮಾಡುತ್ತಿತ್ತು. ಮಳೆಯಲ್ಲಿ ಮೂರು ಕಡೆ ಸೋರುತ್ತಿತ್ತು. ಮುನಿವೆಂಕಟಪ್ಪನವರು ಬೆಳಿಗ್ಗೆ ಏಳೂವರೆಗೆ ಬಸ್ಸು ಹತ್ತಿದರೆ ಇಳಿಯುವುದು ಸಂಜೆ ಆರಕ್ಕೆ. ಹಗಲಿನ ಶೀಟಿನ ಬಿಸಿ ಹೇಗಿರುತ್ತದೆಂದು ಅವರಿಗೆ ಭಾನುವಾರ ಮಾತ್ರ ಗೊತ್ತಾಗುತ್ತಿತ್ತು, ಆ ದಿನ ಅವರು ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಸಿಂಹಗಳ ನೆರಳಿನಲ್ಲಿರುತ್ತಿದ್ದರು. ಹೊಸ ಮನೆಯನ್ನು ಗುಡಿಸಿ ಒರೆಸುವ ಕೆಲಸ ಮುನಿತಾಯಮ್ಮನದು. ಮಾಲು ಧೂಳು ಹಿಡಿಯಬಾರದು ಎಂಬ ಕಾರಣಕ್ಕೆ ಹೊಸ ಮನೆಯ ಬೀಗದಕೈಯನ್ನು ಅವಳಿಗೆ ಕೊಟ್ಟಿದ್ದರು. ಹದಿನಾಲ್ಕು ಬೀಗದಕೈ ಹೊತ್ತ ಆ ಮನುಷ್ಯ ಬೇರೆಯವರ ಕೈಗೆ ಕೊಟ್ಟದ್ದು ಅದೊಂದನ್ನೇ.

ಏಳು ವರ್ಷದ ಹಿಂದೆ ಒಂದು ಭಾನುವಾರ ಅವರು ತಪಾಸಣೆಗೆಂದು ಒಳಗೆ ಹೋದಾಗ ಅಡುಗೆಮನೆಯ ಮೂಲೆಯ ಒಂದು ಟೈಲ್ಸು ಕರ್ರಗಾಗಿತ್ತು. ಮುನಿವೆಂಕಟಪ್ಪನವರು ಸಿಡಿಮಿಡಿಗೊಂಡು ಟೈಲ್ಸ್ ಅಂಗಡಿಗೆ ಹೋಗಿ, ವರ್ಷ ತುಂಬುವುದರೊಳಗೆ ಬಣ್ಣ ಕೆಡುವ ಮಾಲು ಕೊಟ್ಟಿದ್ದೀರೆಂದು ಅರ್ಧ ದಿನ ಜಗಳವಾಡಿದರು. ಪೀಡೆ ತೊಲಗಲೆಂದು ಅಂಗಡಿಯವನು ಹೊಸದೊಂದನ್ನು ಕೈಗಿಟ್ಟು ಕಳಿಸಿದ. ಅದನ್ನು ಹಾಕಿಸಿದರೇ? ಇಲ್ಲ. ಮುಂದೆ ಇನ್ನೊಂದು ಕೆಟ್ಟರೆ ಬೇಕಾಗುತ್ತದೆಂದು ಅಟ್ಟಕ್ಕೆ ಹಾಕಿದರು. ಅವರು ಅಂಗಡಿಯವನ ಮೇಲಿನ ಗೆಲುವನ್ನು ವಿವರಿಸುವಾಗ ಮುನಿತಾಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಹಸು ನೋಡುವ ನೆಪದಲ್ಲಿ ಪಕ್ಕದ ಮನೆಯ ಸಪ್ಪಲಮ್ಮನ ಕೊಟ್ಟಿಗೆಗೆ ಹೋಗಿಬಿಟ್ಟಳು.

ಈ ವರ್ಷದ ಸಂಕ್ರಾಂತಿಯಿಂದ ಮುನಿತಾಯಮ್ಮನಿಗೆ ಊಟ ಸೇರದಾಯಿತು. ಹೊಟ್ಟೆಯಲ್ಲಿ ಏನೋ ಹಿಂಡಿದಂತಾಗುತ್ತದೆ ಅನ್ನುತ್ತಿದ್ದಳು. ಗ್ಯಾಸ್ಟ್ರಿಕ್ಕು ಅಂದರು ಮುನಿವೆಂಕಟಪ್ಪನವರು. ಮಾರ್ಚಿಗೆ ಸ್ಟೋರ್ಸಿನ ವರ್ಷದ ಎಣಿಕೆ ಇರುತ್ತದೆ, ಅದು ಕಳೆದ ಮೇಲೆ ದೊಡ್ಡ ಆಸ್ಪತ್ರೆಗೆ ತೋರಿಸೋಣ ಅಂದರು. ಮಾರ್ಚ್ ಕಳೆಯಿತು, ಎಣಿಕೆ ಸರಿಯಾಗಿ ಬಂತು. ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನ ಆಸ್ಪತ್ರೆಯ ಡಾಕ್ಟರಮ್ಮ, ಸ್ಕ್ಯಾನಿಂಗಿನ ಚಿತ್ರಗಳನ್ನೆಲ್ಲ ಬೆಳಕಿಗೆ ಹಿಡಿದು ನೋಡಿ, ಹೆಂಡತಿಯನ್ನು ಹೊರಗೆ ಕೂರಿಸಿ ಗಂಡನನ್ನು ಒಳಗೆ ಕರೆದರು. ರೋಗ ಹೊಟ್ಟೆ ದಾಟಿ ಪಿತ್ತಜನಕಾಂಗಕ್ಕೆ ಹೋಗಿದೆ, ಸ್ವಲ್ಪ ಮೊದಲು ಬಂದಿದ್ದರೆ ನೋಡಬಹುದಿತ್ತು ಅಂದರು.

“ಎಷ್ಟು ದಿನ ಅಂತ ಹೇಳೋಕಾಗಲ್ಲ. ನಾಲ್ಕು ತಿಂಗಳು ಅಂದ್ಕೊಳ್ಳಿ. ಕಡಿಮೇನೂ ಆಗ್ಬೋದು.”

ಮುನಿವೆಂಕಟಪ್ಪನವರ ಬೆರಳುಗಳು ತಮ್ಮಷ್ಟಕ್ಕೇ ಎಣಿಸಿದವು. “ಫೆಬ್ರವರಿ ತನಕ ಆಗಲ್ವಾ ಮೇಡಂ? ನಂದು ರಿಟೈರ್ಮೆಂಟದೆ.”

ಡಾಕ್ಟರಮ್ಮ ಅವರ ಮುಖವನ್ನೊಮ್ಮೆ ನೋಡಿದರು. “ಫೆಬ್ರವರಿಗೆ ಏನು ಇಟ್ಕೊಂಡಿದೀರೋ ಅದನ್ನ ಈಗ್ಲೇ ಮಾಡಿ.”

ಹೊಸಕೋಟೆಯ ಬಸ್ಸಿನಲ್ಲಿ ಮುನಿತಾಯಮ್ಮ ಕೇಳಿದಳು. “ಏನಂದ್ರು?”

“ಗ್ಯಾಸ್ಟ್ರಿಕ್ಕು ಜಾಸ್ತಿ ಆಗದೆ ಅಂದ್ರು.”

“ಮತ್ಯಾಕೆ ಅಳ್ತಿದೀರ?”

“ರೋಡಿನ ಧೂಳು.”

“ಗಾಜು ಮುಚ್ಚದೆಯಲ್ರೀ,” ಅಂದಳು ಅವಳು. ಆಮೇಲೆ ಅದರ ಬಗ್ಗೆ ಕೇಳಲಿಲ್ಲ.

ಮುನಿವೆಂಕಟಪ್ಪನವರು ಅಂದೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡರು. ಈ ಜೀವ ಹೋಗುವುದರೊಳಗೆ ಇವಳು ಹೊಸ ಮನೆಯಲ್ಲಿ ಮಲಗಬೇಕು. ಅದು ಪ್ರಾಮಾಣಿಕವಾದ ಆಸೆ. ಆದರೆ ಒಳ್ಳೆಯ ಆಸೆಗೂ ಅವರು ತಮ್ಮ ಹಳೆಯ ಕಪಾಟಿನಲ್ಲೇ ಜಾಗ ಮಾಡಿದ್ದು ತಪ್ಪಾಯಿತು. ಮೇ ತಿಂಗಳ ಮುಹೂರ್ತಕ್ಕೆ ಬಣ್ಣ ಒಣಗುವುದಿಲ್ಲ ಅಂದರು. ಜೂನಿನಲ್ಲಿ ಅಡುಗೆಯವರು ಸಿಗಲಿಲ್ಲ. ಅಷ್ಟರಲ್ಲಿ ಆಷಾಢ ಬಂತು, ಆಷಾಢದಲ್ಲಿ ಯಾರು ಹಾಲು ಉಕ್ಕಿಸುತ್ತಾರೆ? ಕೊನೆಗೆ ಜೋಯಿಸರು ಶ್ರಾವಣದ ಒಂದು ಗುರುವಾರ ಗೊತ್ತುಮಾಡಿಕೊಟ್ಟರು. ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗುವ ದಿನ, ದೊಡ್ಡ ಸಾಹೇಬರು ಆ ಗುರುವಾರ ಊರಲ್ಲಿರುವುದಿಲ್ಲ, ಅದಾದ ಹತ್ತು ದಿನಕ್ಕೆ ಬರುವ ಭಾನುವಾರವಾದರೆ ಬರುತ್ತಾರೆ ಎಂದು ತಿಳಿಯಿತು. ಭಾನುವಾರ ಮನೆ ತುಂಬಿಸಲು ಪ್ರಶಸ್ತವಲ್ಲ ಎಂದು ಮೊದಲು ತಲೆಯಾಡಿಸಿದ ಜೋಯಿಸರು, ಬರುವವರು ಯಾರೆಂದು ಕೇಳಿದ ಮೇಲೆ ಒಂದು ಗಳಿಗೆ ಹುಡುಕಿಕೊಟ್ಟರು.

“ಹತ್ತೇ ದಿನ,” ಅಂದರು ಮುನಿವೆಂಕಟಪ್ಪನವರು ಹೆಂಡತಿಗೆ, ನಾನೂರು ಪತ್ರಿಕೆಯ ಕಟ್ಟನ್ನು ಅವಳ ಹಾಸಿಗೆಯ ಪಕ್ಕಕ್ಕಿಟ್ಟು. “ಒಂಬತ್ತು ವರ್ಷ ಕಾದಿದೀಯ.”

ಮುನಿತಾಯಮ್ಮ ಪತ್ರಿಕೆ ಕೈಗೆ ತೆಗೆದುಕೊಂಡು ನೋಡಿದಳು. ‘ಸ್ಟೋರ್ಸ್ ಇನ್‌ಚಾರ್ಜ್’ ಎಂಬುದು ದೇವರ ಹೆಸರಿಗಿಂತ ದಪ್ಪ ಅಕ್ಷರದಲ್ಲಿತ್ತು.

“ಚೆನ್ನಾಗದೆ,” ಅಂದಳು. “ಕಾಗದ ಗಟ್ಟಿ ಅದೆ.”

ಆ ಮೊದಲ ಗುರುವಾರ ಸುಮ್ಮನೆ ಬಂದು ಸುಮ್ಮನೆ ಹೋಯಿತು. ಶುಕ್ರವಾರದ ಮಳೆ ಶನಿವಾರ ಬೆಳಿಗ್ಗೆಯೂ ನಿಲ್ಲಲಿಲ್ಲ. ಶೀಟಿನಲ್ಲಿ ನಾಲ್ಕನೆಯದೊಂದು ತೂತು ಬಿದ್ದು ನೀರು ಮುನಿತಾಯಮ್ಮನ ಕಾಲಿನ ಹತ್ತಿರ ತೊಟ್ಟಿಕ್ಕತೊಡಗಿತು. ಅವಳೀಗ ಎದ್ದು ಕೂರಲೂ ಆಗದಷ್ಟು ಸೋತಿದ್ದಳು. ತಾಯಿಯನ್ನು ನೋಡಿಕೊಳ್ಳಲು ಬಂದಿದ್ದ ಅರ್ಪಿತ ಪಾತ್ರೆಯೊಂದನ್ನು ಹಾಸಿಗೆಯ ಮೇಲೇ ಇಟ್ಟು, ಅಪ್ಪನ ಕಡೆ ತಿರುಗಿದಳು.

“ಅಪ್ಪ, ಇವತ್ತೇ ಅಮ್ಮನ್ನ ಒಳಗೆ ಕರ್ಕೊಂಡು ಹೋಗೋಣ.”

“ಇನ್ನೆಂಟು ದಿನ ಅಲ್ವೇನಮ್ಮ. ಪತ್ರಿಕೆ ಹಂಚಾಗದೆ. ನಿಮ್ಮ ಆಂಜಿನಪ್ಪ ದೊಡ್ಡಪ್ಪ ಏನಂತಾನೋ.”

“ದೊಡ್ಡಪ್ಪನ ಕಾಲಿನ ಮೇಲೆ ನೀರು ಬೀಳ್ತಿಲ್ಲ. ಇನ್ನೊಂದು ಸಲ ಆಮೇಲೆ ಅಂದ್ರೆ ನಾನು ಅಮ್ಮನ್ನ ದೇವನಹಳ್ಳಿಗೆ ಎತ್ಕೊಂಡು ಹೋಗ್ತೀನಿ.”

ಮುನಿವೆಂಕಟಪ್ಪನವರು ಪಾತ್ರೆಗೆ ಬೀಳುವ ಹನಿಗಳನ್ನು ಒಂದಷ್ಟು ಹೊತ್ತು ನೋಡಿದರು. ಆಮೇಲೆ ಎದ್ದು ಸಪ್ಪಲಮ್ಮನ ಮನೆಗೆ ಹೋಗಿ ಒಂದು ಚೆಂಬು ಹಾಲು ಕೇಳಿದರು. ಸಪ್ಪಲಮ್ಮ ಹಾಲು ಕರೆದು, ತಾನೂ ಹಿಂದೆಯೇ ಬಂದಳು.

ಹೆಂಡತಿಯನ್ನು ಅವರೇ ಎತ್ತಿಕೊಂಡರು. ಮೂವತ್ತೊಂದು ವರ್ಷ ಗ್ರೀಸ್ ಡಬ್ಬ ಎತ್ತಿದ ತೋಳುಗಳಿಗೆ ಆ ತೂಕ ತೂಕವೇ ಅನ್ನಿಸಲಿಲ್ಲ. ಅದರಿಂದ ಅವರಿಗೆ ಹೆದರಿಕೆಯಾಯಿತು. ಹೊಸ್ತಿಲು ದಾಟುವಾಗ ಬಲಗಾಲು ಮೊದಲಿಟ್ಟರು. ಅಡುಗೆಮನೆಯಲ್ಲಿ ಅರ್ಪಿತ ಹಾಸಿದ ಕಂಬಳಿಯ ಮೇಲೆ ಮಲಗಿಸಿ, ಮೂರು ಇಟ್ಟಿಗೆ ತಂದು ಮೂಲೆಯಲ್ಲಿಟ್ಟು, ಪುಳ್ಳೆ ಜೋಡಿಸಿ, ಕಡ್ಡಿ ಗೀರಿದರು.

“ಹಾಲು ಉಕ್ಕಿಸ್ಬೇಡಿ,” ಅಂದಳು ಮುನಿತಾಯಮ್ಮ.

“ಯಾಕೆ?”

“ಒಂದು ಮನೇಲಿ ಎರಡು ಸಲ ಉಕ್ಕಿಸ್ಬಾರ್ದು.”

ಮುನಿವೆಂಕಟಪ್ಪನವರಿಗೆ ಅರ್ಥವಾಗಲಿಲ್ಲ. ಜ್ವರದ ಮಾತಿರಬಹುದೆಂದು ಮಗಳ ಮುಖ ನೋಡಿದರು. ಮದುವೆಗೆ ಮೊದಲು ಹಗಲೆಲ್ಲ ಕಾಲೇಜಿನಲ್ಲಿರುತ್ತಿದ್ದ ಮಗಳಿಗೂ ತಿಳಿಯದು. ಬಾಗಿಲಲ್ಲಿ ನಿಂತಿದ್ದ ಸಪ್ಪಲಮ್ಮ ಮಾತ್ರ ಮಳೆ ನೋಡುವವಳಂತೆ ಆಚೆ ತಿರುಗಿಕೊಂಡಳು. ಕಡ್ಡಿ ಉರಿದು ಬೆರಳು ಸುಟ್ಟಿತು.

“ಏಳು ವರ್ಷ ಆಯ್ತು,” ಅಂದಳು ಮುನಿತಾಯಮ್ಮ. “ಶಿವರಾತ್ರಿ ಆದ್ಮೇಲೆ, ಒಂದು ಗುರುವಾರ. ಕ್ಯಾಲೆಂಡರ್ ನೋಡ್ದೆ, ದಿನ ಚೆನ್ನಾಗಿತ್ತು. ಸಪ್ಪಲಮ್ಮ ಹಾಲು ತಂದ್ಲು. ಇಬ್ರೂ ಉಕ್ಕಿಸಿದ್ವಿ. ಅಲ್ಲೇ, ಆ ಮೂಲೇಲಿ.”

ಅವರು ಮೂಲೆ ನೋಡಿದರು. ಇಟ್ಟಿಗೆಗಳ ಕೆಳಗೆ ಆ ಕರಿ ಟೈಲ್ಸು ಇತ್ತು.

“ಅಂಗಡಿಯವನಿಗೆ ನಾನು ಎಷ್ಟು ಬೈದಿದ್ದೆ,” ಅಂದರು ಮುನಿವೆಂಕಟಪ್ಪನವರು, ಬೇರೇನು ಹೇಳಬೇಕೆಂದು ತೋಚದೆ.

ಮುನಿತಾಯಮ್ಮ ನಕ್ಕಳು. ನಕ್ಕದ್ದಕ್ಕೆ ಹೊಟ್ಟೆ ಹಿಂಡಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಇದ್ದಳು.

“ನನ್ನ ಬಿಟ್ಟು ಉಕ್ಕಿಸಿದ್ರಾ?”

“ಕರೆದೆನಲ್ಲ. ಅವತ್ತು ಬೆಳಿಗ್ಗೆ, ಒಂದಿನ ರಜ ಹಾಕಿ ಅಂತ ಮೂರ್ಸಲ ಅಂದೆ. ಎಣಿಕೆ ಅದೆ ಅಂದ್ರಿ.”

“ಏನಕ್ಕೆ ಅಂತ ನೀನು ಹೇಳ್ಲಿಲ್ಲ.”

“ಏನಕ್ಕೆ ಅಂತ ನೀವು ಕೇಳ್ಲಿಲ್ಲ.”

ಮುನಿವೆಂಕಟಪ್ಪನವರು ಸುಟ್ಟ ಕಡ್ಡಿಯನ್ನು ಇಟ್ಟಿಗೆಯ ಪಕ್ಕಕ್ಕಿಟ್ಟರು. ಆಮೇಲೆ ಅವರು, ಸ್ಟೋರ್ಸಿನಲ್ಲಿ ಮಾಲು ಕಡಿಮೆ ಬಿದ್ದಾಗ ಕೇಳುವ ದನಿಯಲ್ಲಿ ಕೇಳಿದರು. “ಏಳು ವರ್ಷದಲ್ಲಿ ಯಾವತ್ತಾದ್ರೂ ಹೇಳ್ಬೋದಿತ್ತಲ್ಲ?”

“ಹೇಳಿದ್ರೆ ನಿಮ್ಮ ಪೆಂಡಾಲು ಕೆಡ್ತಿತ್ತು. ಎಷ್ಟು ಆಸೆ ಇಟ್ಕೊಂಡಿದ್ರಿ.”

ಮಿಕ್ಕದ್ದನ್ನು ಸಪ್ಪಲಮ್ಮ ಹೇಳಿದಳು, ತಪ್ಪೊಪ್ಪಿಕೊಳ್ಳುವವಳಂತೆ. ಬೆಳಿಗ್ಗೆ ಕಂಪನಿ ಬಸ್ಸು ತಿರುವು ದಾಟಿದ ಮೇಲೆ ಅಕ್ಕ ಹೊಸ ಮನೆಯ ಬೀಗ ತೆಗೆಯುತ್ತಿದ್ದಳು. ಗುಡಿಸಿ ಒರೆಸಿ, ಕಿಟಕಿಯ ಹತ್ತಿರ ಚಾಪೆ ಹಾಸುತ್ತಿದ್ದಳು. ಇಬ್ಬರೂ ಅಲ್ಲೇ ಸೊಪ್ಪು ಸೋಸುತ್ತಿದ್ದರು, ತಲೆ ಬಾಚಿಕೊಳ್ಳುತ್ತಿದ್ದರು, ರೇಡಿಯೋ ಕೇಳುತ್ತಿದ್ದರು. ಮಧ್ಯಾಹ್ನದ ಊಟ, ಊಟದ ಮೇಲೆ ಒಂದು ನಿದ್ದೆ. ರಾಗಿ ಕೊಯ್ಲಿನಲ್ಲಿ ಹೊಲದವರಿಗೆಲ್ಲ ಇಲ್ಲಿಂದಲೇ ನೀರು ಮಜ್ಜಿಗೆ. ಐದು ಗಂಟೆಗೆ ಚಾಪೆ ಸುತ್ತಿ ಅಟ್ಟಕ್ಕೆ ಹಾಕಿ, ನೆಲ ಒರೆಸಿ, ಶೆಡ್ಡಿಗೆ ಹೋಗಿ ಅನ್ನಕ್ಕಿಡುವುದು.

“ಅಕ್ಕ ಶೆಡ್ಡಲ್ಲಿ ಮಲಗ್ತಿದ್ದದ್ದು ಅಷ್ಟೇ ಅಣ್ಣ,” ಅಂದಳು ಸಪ್ಪಲಮ್ಮ. “ಇದ್ದಿದ್ದು ಇಲ್ಲೇ.”

ಮುನಿವೆಂಕಟಪ್ಪನವರು ಇಟ್ಟಿಗೆಗಳ ಪಕ್ಕ ನೆಲಕ್ಕೆ ಕೂತರು. ಈ ಮನೆಗೆ ಇನ್ನೂ ಪ್ರವೇಶ ಮಾಡದೆ ಉಳಿದವನು ಪ್ರಪಂಚದಲ್ಲಿ ಒಬ್ಬನೇ ಒಬ್ಬ, ಅವನ ಹೆಸರು ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿತ್ತು. ಅಂದಿನ ಹಾಲನ್ನು ಉಕ್ಕಿಸಲಿಲ್ಲ. ಅರ್ಪಿತ ಕಾಯಿಸಿ ನಾಲ್ಕು ಲೋಟಕ್ಕೆ ಹಾಕಿದಳು. ಮುನಿತಾಯಮ್ಮನಿಗೆ ಎರಡು ಚಮಚ ಇಳಿಯಿತು.

ಮಳೆಮೋಡಕ್ಕೆ ಒಳಗೆಲ್ಲ ಕತ್ತಲು ಕವಿದಿದ್ದರಿಂದ ದೀಪ ಹಾಕಲು ಎದ್ದ ಮುನಿವೆಂಕಟಪ್ಪನವರಿಗೆ ಸ್ವಿಚ್ಚು ಸಿಗಲಿಲ್ಲ. ತಾವೇ ಮುಂದೆ ನಿಂತು ಕಟ್ಟಿಸಿದ ಗೋಡೆಯನ್ನು ಕುರುಡನಂತೆ ತಡಕಾಡಿದರು. ಒಂದು ಒತ್ತಿದರೆ ಹೊರಗಿನ ಸಿಂಹ ಬೆಳಗಿತು.

“ಎಡಗಡೆ ಮೂರನೇದು,” ಅಂದಳು ಮುನಿತಾಯಮ್ಮ ಮಲಗಿದಲ್ಲಿಂದಲೇ. “ಆ ಕಿಟಕಿ ಚಿಲಕ ಎಳೀಬೇಡಿ, ಸ್ವಲ್ಪ ಮೇಲೆತ್ತಿ. ಹಾಂ. ಈಗ ಕೂತ್ಕೊಳ್ಳಿ.”

ನೆಂಟರಿಗೆ ಹೇಳುವ ಹಾಗೆ ಹೇಳಿದಳು. ಅವರು ಕೂತರು.

ಮುನ್ನೂರು ದಿನದ ರಜೆ ಕೂಡಿಟ್ಟಿದ್ದ ಮುನಿವೆಂಕಟಪ್ಪನವರು ಅದರಲ್ಲಿ ಒಂದು ವಾರ ಬಿಡಿಸಿಕೊಂಡರು. ಕಿಟಕಿಯ ಹತ್ತಿರ ಹಾಸಿಗೆ ಬಂತು. ಬೆಳಿಗ್ಗೆ ಎಂಟಕ್ಕೆ ಬಿಸಿಲು ಎದುರು ಗೋಡೆಯ ಬುಡದಲ್ಲಿರುತ್ತದೆ, ಒಂಬತ್ತಕ್ಕೆ ನಡುಮನೆಯ ನಾಲ್ಕನೆಯ ಟೈಲ್ಸಿಗೆ ಬರುತ್ತದೆ, ಹತ್ತೂವರೆಗೆ ಕಿಟಕಿಯ ಕೆಳಗೆ ಬಂದು ಮುಗಿಯುತ್ತದೆ, ಆಮೇಲೆ ಸಂಜೆವರೆಗೆ ತಂಪು ಎಂದು ಹೆಂಡತಿ ಹೇಳಿಕೊಟ್ಟಳು. ಅವರು ನೋ‌ಡಿದರು, ಹಾಗೇ ಇತ್ತು. ಮೂರನೆಯ ದಿನ ಅವರು ಯಾವುದೋ ಯೋಚನೆಯಿಂದ ಎಚ್ಚೆತ್ತವರಂತೆ ಅಂದರು.

“ನಿನ್ನ ಸಮುದ್ರಕ್ಕೆ ಕರ್ಕೊಂಡು ಹೋಗ್ಲಿಲ್ಲ ತಾಯಮ್ಮ.”

“ಅದಕ್ಕೆ ಮಾತ್ರ ನನಗೊಬ್ಬಳಿಗೇ ಹೋಗೋಕೆ ದಾರಿ ಗೊತ್ತಿರ್ಲಿಲ್ಲ,” ಅಂದಳು ಮುನಿತಾಯಮ್ಮ.

ಅದರಲ್ಲಿ ಕುಟುಕು ಇರಲಿಲ್ಲ. ಇದ್ದಿದ್ದರೆ ಅವರಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. ನಾಲ್ಕನೆಯ ದಿನದಿಂದ ಅವಳ ಮಾತು ಕಡಿಮೆಯಾಯಿತು. ನೋವಿಗೆ ಕೊಟ್ಟ ಔಷಧಿಯಲ್ಲಿ ಬಹುಪಾಲು ನಿದ್ದೆ. ಶುಕ್ರವಾರ ಬೆಳಿಗ್ಗೆ, ಬಿಸಿಲು ಇನ್ನೂ ಎದುರು ಗೋಡೆಯಲ್ಲೇ ಇರುವಾಗ ಅವಳು ಹೋದಳು. ಹೊಲದ ಬದುವಿನಲ್ಲಿ ಮಣ್ಣು ಮಾಡಿದರು.

ಸಾವಿನ ಮೂರನೆಯ ದಿನಕ್ಕೆ ಗೋರಿಯ ಮೇಲೆ ಹಾಲು ತುಪ್ಪ ಬಿಡುವುದು ಪದ್ಧತಿ. ಶುಕ್ರವಾರದಿಂದ ಮೂರನೆಯ ದಿನ ಭಾನುವಾರ, ಪತ್ರಿಕೆಯಲ್ಲಿದ್ದ ಅದೇ ಭಾನುವಾರ. ಪೆಂಡಾಲಿನವನಿಗೆ ಬೇಡ ಎಂದು ಹೇಳಲು ಯಾರಿಗೂ ನೆನಪಾಗಿರಲಿಲ್ಲ. ಅವನು ಬೆಳಿಗ್ಗೆಯೇ ಬಂದು ಕೆಂಪು ಹಳದಿ ಬಟ್ಟೆ ಕಟ್ಟಿ ಹೋದ. ಗೃಹಪ್ರವೇಶಕ್ಕೆಂದು ಸಪ್ಪಲಮ್ಮನಿಗೆ ಹೇಳಿಟ್ಟಿದ್ದ ಹಾಲು ಹೊಲದ ಬದುವಿಗೆ ಹೋಯಿತು. ಸುದ್ದಿ ಮುಟ್ಟದ ಏಳೆಂಟು ಜನ ಉಡುಗೊರೆ ಹಿಡಿದು ಬಂದು, ಗೇಟಿನಲ್ಲೇ ವಿಷಯ ತಿಳಿದು, ಪೊಟ್ಟಣವನ್ನು ಬೆನ್ನ ಹಿಂದೆ ಅಡಗಿಸಿಕೊಂಡು ನಿಂತರು. ದೊಡ್ಡ ಸಾಹೇಬರು ಬರಲಿಲ್ಲ. ಅವರ ಡ್ರೈವರ್ ಬಣ್ಣದ ಕಾಗದ ಸುತ್ತಿದ ಒಂದು ಗೋಡೆ ಗಡಿಯಾರ ಕೊಟ್ಟು, “ಸಾಹೇಬ್ರು ಶುಭವಾಗ್ಲಿ ಅಂದ್ರು” ಎಂದು ಒಪ್ಪಿಸಿ, ಆಮೇಲೆ ಸುತ್ತ ನೋಡಿ ನಾಲಿಗೆ ಕಚ್ಚಿಕೊಂಡ.

ಎಲ್ಲ ಮುಗಿದ ಮೇಲೆ ಮುನಿವೆಂಕಟಪ್ಪನವರಿಗೆ ಅಣ್ಣನ ವರಸೆಯ ಆಂಜಿನಪ್ಪ ಹತ್ತಿರ ಬಂದು ಕೂತ. ಊರಿನಲ್ಲಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಹೇಳುವ ಹೊಣೆ ಅವನದು. ಯಾರೂ ಕೊಟ್ಟದ್ದಲ್ಲ, ಅವನೇ ವಹಿಸಿಕೊಂಡದ್ದು.

“ಜೋಯಿಸರನ್ನ ಕೇಳ್ದೆ ಕಣೋ. ಹೋಗಿರೋ ನಕ್ಷತ್ರ ಸರಿಯಿಲ್ವಂತೆ. ಮೂರು ತಿಂಗಳು ಮನೆ ಬೀಗ ಹಾಕ್ಬೇಕು. ಅಲ್ಲೀಗಂಟ ಶೆಡ್ಡಲ್ಲಿರು. ಆಮೇಲೆ ಶಾಂತಿ ಮಾಡಿಸ್ಕೊಂಡು, ಒಳ್ಳೆ ದಿನ ನೋಡಿ ಚೆನ್ನಾಗಿ ಗೃಹಪ್ರವೇಶ ಮಾಡ್ಕೊಂಡು ಬಾ.”

ಮುನಿವೆಂಕಟಪ್ಪನವರು ಪೆಂಡಾಲಿನ ಬಟ್ಟೆಯ ಕಡೆ ನೋಡಿದರು.

“ಏನು ಯೋಚನೆ ಮಾಡ್ತೀಯ? ಒಂಬತ್ತು ವರ್ಷ ಶೆಡ್ಡಲ್ಲಿದ್ದೋನಿಗೆ ಮೂರು ತಿಂಗಳು ಯಾವ ಲೆಕ್ಕನೋ?”

ಅವರ ಕೈ ಸೊಂಟಕ್ಕೆ ಹೋಯಿತು. ಬೀಗ ಹಾಕುವುದು ಗೊತ್ತಿರುವ ಕೆಲಸ, ಕೈ ತಾನಾಗಿಯೇ ಹೋಗುತ್ತದೆ. ಗೊಂಚಲಿನಲ್ಲಿ ಹೊಸ ಮನೆಯದು ಇರಲಿಲ್ಲ. ಅದು ಒಳಗೆ, ಕಿಟಕಿಯ ಪಕ್ಕದ ಮೊಳೆಯಲ್ಲಿ, ಏಳು ವರ್ಷದಿಂದ ಅವಳು ತೂಗುಹಾಕುತ್ತಿದ್ದ ಜಾಗದಲ್ಲಿತ್ತು. ಆ ಗೋಡೆಗೆ ಮೊಳೆ ಹೊಡೆಯಲು ತಾವು ಯಾರಿಗೂ ಅಪ್ಪಣೆ ಕೊಟ್ಟಿರಲಿಲ್ಲ ಎಂದು ಅವರಿಗೆ ನೆನಪಾಯಿತು.

“ಬೀಗ ಹಾಕಲ್ಲಣ್ಣ,” ಅಂದರು.

“ಅಲ್ಲ ಕಣೋ, ಆಮೇಲೆ ಏನಾದ್ರೂ ಆದ್ರೆ?”

“ಆಗೋದೆಲ್ಲ ಆಗೋಯ್ತು.”

ಆಂಜಿನಪ್ಪ ಒಂದಷ್ಟು ಹೊತ್ತು ಗೊಣಗಿ, ಈ ಮನೆಯ ನೀರು ಇನ್ನು ತಾನು ಮುಟ್ಟುವುದಿಲ್ಲವೆಂದು ಹೇಳಿ, ಮುಂದಿದ್ದ ಕಾಫಿ ಕುಡಿದು ಎದ್ದು ಹೋದ.

ಸೋಮವಾರ ಬೆಳಿಗ್ಗೆ ಅರ್ಪಿತ ಒಳಕೋಣೆಯಲ್ಲಿ ನಿದ್ದೆ ಮಾಡುತ್ತಿದ್ದಳು. ಏಳೂವರೆಗೆ ಕಂಪನಿ ಬಸ್ಸು ತಿರುವಿನಲ್ಲಿ ಎರಡು ಸಲ ಹಾರನ್ ಹೊಡೆದು, ಕಾದು, ಹೋಯಿತು. ಮುನಿವೆಂಕಟಪ್ಪನವರು ಅಟ್ಟದಿಂದ ಚಾಪೆ ಇಳಿಸಿ ಕಿಟಕಿಯ ಹತ್ತಿರ ಹಾಸಿದರು. ಅಲ್ಲೇ ಬದಲಿ ಟೈಲ್ಸು ಕಂಡಿತು, ಮುಟ್ಟಲಿಲ್ಲ. ಸಾಹೇಬರ ಉಡುಗೊರೆ ಗೋಡೆಗೆ ಒರಗಿತ್ತು. ಬಾಳಿನಲ್ಲಿ ಮೊದಲ ಬಾರಿಗೆ ಒಂದು ಪೊಟ್ಟಣದ ಕಾಗದವನ್ನು ಬಂದ ಮಾರನೆಯ ದಿನವೇ ಹರಿದರು. ಗಡಿಯಾರಕ್ಕೆ ಸೆಲ್ಲು ಇರಲಿಲ್ಲ. ಹಾಗೇ ಒರಗಿಸಿ, ಬಿಸಿಲು ನೋಡುತ್ತ ಕೂತರು. ಅದು ಎದುರು ಗೋಡೆಯಿಂದ ಇಳಿದು ನಾಲ್ಕನೆಯ ಟೈಲ್ಸಿಗೆ ಬಂತು. ಅಲ್ಲಿಂದ ಕಿಟಕಿಯ ಬುಡಕ್ಕೆ ಸರಿಯಿತು. ಹೊಲದಲ್ಲಿ ಯಾರೋ ಕಳೆ ಕೀಳುತ್ತ, ಕತ್ತೆತ್ತಿ ಅಭ್ಯಾಸಬಲದಿಂದ ಕಿಟಕಿಯ ಕಡೆ ಕೈಬೀಸಿ, ಅಲ್ಲಿ ಗಂಡಸಿನ ಮುಖ ಕಂಡು ಕೈ ಇಳಿಸಿಕೊಂಡರು.

ಸಾವಿನ ಮನೆಯಲ್ಲಿ ಒಲೆ ಹಚ್ಚುವ ದಿನ ಇನ್ನೂ ಬಂದಿರಲಿಲ್ಲ. ಸಪ್ಪಲಮ್ಮ ತಟ್ಟೆಯಲ್ಲಿ ಮುದ್ದೆ, ಬಟ್ಟಲಲ್ಲಿ ಸೊಪ್ಪಿನ ಸಾರು ತಂದು ಬಾಗಿಲಲ್ಲಿ ನಿಂತಳು. ಚಾಪೆಯ ಮೇಲೆ ಕೂತವರನ್ನು ನೋಡಿ ಅವಳು ಹೊಸ್ತಿಲ ಬಳಿಯೇ ತಟ್ಟೆ ಇಳಿಸಿದಳು.

“ಮುಚ್ಚಿಟ್ಟು ಹೋಗ್ತೀನಣ್ಣ. ಆಮೇಲೆ ಉಣ್ಣಿ.”

“ಬೇಡ,” ಅಂದರು ಮುನಿವೆಂಕಟಪ್ಪನವರು. “ಈಗ್ಲೇ ಕೊಡಮ್ಮ.”

ಮುದ್ದೆಯಿಂದ ಹಬೆ ಏಳುತ್ತಿತ್ತು. ಮೊದಲ ತುತ್ತು ಗಂಟಲಲ್ಲಿ ನಿಂತಿತು. ಎರಡನೆಯದು ಇಳಿಯಿತು.